ಹಳೇ ಪುಸ್ತಕಗಳನ್ನು ಕಟಕಟೆಗೆ ಕರೆಯೋಣ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ನಮ್ಮ ಹುಡುಗ ಹುಡುಗಿಯರಿಗೆ ಚರಿತ್ರೆ ಎರಡೇ ಕಡೆ ಸಿಗುತ್ತದೆ. ಒಂದು, ಪರೀಕ್ಷೆಯ ಗೈಡಿನಲ್ಲಿ. ಇನ್ನೊಂದು, ಸರ್ಕಲ್ಲಿನಲ್ಲಿ ಕುದುರೆ ಏರಿ ಕೂತ ಮೂರ್ತಿಯಲ್ಲಿ. ಗೈಡು ಪರೀಕ್ಷೆ ಮುಗಿದ ಮರುದಿನ ರದ್ದಿ ಅಂಗಡಿ ಸೇರುತ್ತದೆ. ಮೂರ್ತಿಗೆ ವರ್ಷಕ್ಕೊಮ್ಮೆ ಮಾಲೆ ಬೀಳುತ್ತದೆ. ಇದು ನಮಗೆ ಹೆಂಗ ಗೊತ್ತಾತು, ಯಾರು ಬರೆದಿಟ್ಟರು, ಯಾರನ್ನು ಕೇಳಿ ಬರೆದರು, ಯಾರನ್ನು ಕೇಳದೇ ಬಿಟ್ಟರು ಎಂದು ಕೇಳುವುದಕ್ಕೆ ಈ ಎರಡರ ನಡುವೆ ಜಾಗವೇ ಇಲ್ಲ. ಕೇಳಿದರೆ, "ಅದೆಲ್ಲ ಪರೀಕ್ಷೆಗೆ ಬರೂದಿಲ್ಲ, ಕುಂದ್ರು" ಅನ್ನುತ್ತಾರೆ.

ಪರೀಕ್ಷೆಗೆ ಬಾರದ ಆ ಪ್ರಶ್ನೆಯೇ ಚರಿತ್ರೆಯ ಮೊದಲ ಪಾಠ ಎಂದು ನಾವು ಹೇಳುತ್ತೇವೆ. ಸಣ್ಣ ಮಕ್ಕಳಿಗೆ ಕಥೆ ಸಾಕು. ಆದರೆ ಹತ್ತನೇ ಇಯತ್ತೆ ಮುಟ್ಟಿದವರಿಗೆ, ಪಿಯುಸಿ, ಡಿಗ್ರಿ ಓದುವವರಿಗೆ, ಓದು ಅರ್ಧಕ್ಕೆ ಬಿಟ್ಟು ಕೂಲಿಗೆ ಹೊಂಟ ದೊಡ್ಡ ಹುಡುಗರಿಗೆ ಕಥೆ ಸಾಲದು. ಅವರ ಕೈಗೆ ಮೂಲ ದಾಖಲೆಯನ್ನೇ ಕೊಡಬೇಕು. ಅದಕ್ಕೆ ರೊಕ್ಕ ಎಲ್ಲಿಂದ ತರೋಣ ಅಂತ ನಮ್ಮ ಹಳ್ಳಿ ಮಾಸ್ತರುಗಳು ಕೇಳುತ್ತಾರೆ. ರೊಕ್ಕ ಬೇಡ. ನೂರು, ನೂರೈವತ್ತು ವರ್ಷದ ಹಿಂದಿನ ಪುಸ್ತಕಗಳು ಇವತ್ತು ಪುಕ್ಕಟೆ ಸಿಗುತ್ತವೆ. ದೊಡ್ಡ ಗ್ರಂಥಾಲಯದ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದ ಪುಸ್ತಕಗಳ ಪುಟ ಪುಟದ ಚಿತ್ರ ತೆಗೆದು ಜಾಲದಲ್ಲಿ ಹಾಕಿದ್ದಾರೆ. ಕೇರಿಯ ಹುಡುಗನ ಕೈಯ ಮೊಬೈಲಿನಲ್ಲೂ ಅವು ತೆರೆಯುತ್ತವೆ.

ಪುಕ್ಕಟೆ ಯಾಕೆ ಎಂಬುದನ್ನು ಮೊದಲು ತಿಳಿಯಬೇಕು, ಯಾಕಂದರೆ ಕಾಯ್ದೆ ಗೊತ್ತಿಲ್ಲದ ನಮ್ಮವರು ಹಕ್ಕಿನದನ್ನೂ ಹೆದರಿ ಹೆದರಿ ಮುಟ್ಟುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರು ತೀರಿಕೊಂಡ ಮೇಲೆ ಇಷ್ಟು ವರ್ಷ ಎಂದು ಹಕ್ಕು ವಾರಸುದಾರರ ಕೈಯಲ್ಲಿರುತ್ತದೆ. ಆ ಅವಧಿ ಮೊದಲು 50 ವರ್ಷವಿತ್ತು. 1992ರ ತಿದ್ದುಪಡಿಯಿಂದ 60 ಆಯಿತು. ತೀರಿಕೊಂಡ ವರ್ಷದ ಮರುವರ್ಷದಿಂದ ಲೆಕ್ಕ ಶುರು. ಸರ್ಕಾರ ಪ್ರಕಟಿಸಿದ ಪುಸ್ತಕಕ್ಕಾದರೆ ಪ್ರಕಟವಾದ ವರ್ಷದಿಂದ ಎಣಿಸಬೇಕು. ಅವಧಿ ತೀರಿತೆಂದರೆ ಪುಸ್ತಕ ಎಲ್ಲರದು. ಓದಬಹುದು, ನಕಲು ತೆಗೆದು ಹಂಚಬಹುದು, ಕನ್ನಡಕ್ಕೆ ತಂದು ನಾವೇ ಅಚ್ಚು ಹಾಕಬಹುದು. ಬಾಬಾಸಾಹೇಬರು ತೀರಿಕೊಂಡದ್ದು 1956ರ ಡಿಸೆಂಬರ್ 6ರಂದು. ಬದುಕಿದ್ದಾಗ ಅವರು ಪ್ರಕಟಿಸಿದ ಪುಸ್ತಕಗಳೆಲ್ಲ 2017ರ ಜನವರಿ 1ರಿಂದ ಯಾರ ಅಪ್ಪಣೆಯೂ ಬೇಡದೆ ನಮ್ಮವಾಗಿವೆ. 1936ರ ಜಾತಿ ವಿನಾಶದ ಭಾಷಣ, 1946ರ ಶೂದ್ರರ ಮೇಲಿನ ಪುಸ್ತಕ, 1948ರ ಅಸ್ಪೃಶ್ಯರ ಮೇಲಿನ ಪುಸ್ತಕ, ಎಲ್ಲವೂ. ಆದರೆ ಎಚ್ಚರವಿರಲಿ: ಮೂಲ ಎಲ್ಲರದಾದರೂ, ಇತ್ತೀಚಿನವರು ಮಾಡಿದ ಅನುವಾದ, ಬರೆದ ಮುನ್ನುಡಿ, ಹಾಕಿದ ಟಿಪ್ಪಣಿ ಅವರವರದೇ. ಅದನ್ನು ತೆಗೆದುಕೊಳ್ಳುವ ಮೊದಲು ಕೇಳಬೇಕು.

ಎಲ್ಲರದು ಎಂಬ ಮಾತು ಕಾಗದದ ಮೇಲೆ ಬಂದ ಕೂಡಲೇ ಎಲ್ಲರದಾಗುವುದಿಲ್ಲ ಎಂಬುದೂ ನಮಗೆ ಗೊತ್ತಿದೆ. ಮಹಾಡದ ಚೌದಾರ ಕೆರೆ ಎಲ್ಲರದೆಂದು ಅಲ್ಲಿಯ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಆದರೂ ನಮ್ಮವರು ಒಂದು ಬೊಗಸೆ ನೀರು ಕುಡಿಯಲು 1927ರ ಮಾರ್ಚ್ 20ರವರೆಗೆ ಕಾಯಬೇಕಾಯಿತು, ಬಾಬಾಸಾಹೇಬರ ಹಿಂದೆ ಸಾವಿರಾರು ಜನ ನಡೆದುಹೋಗಬೇಕಾಯಿತು, ಕುಡಿದ ಮೇಲೆ ಪೆಟ್ಟು ತಿನ್ನಬೇಕಾಯಿತು. ಪುಸ್ತಕದ ಕೆರೆಯೂ ಹಾಗೆಯೇ. ಕಾಯ್ದೆ ಬಾಗಿಲು ತೆರೆದಿದೆ. ಇಳಿದು ಬೊಗಸೆ ಒಡ್ಡುವ ಕೆಲಸ ಇನ್ನೂ ಆಗಿಲ್ಲ.

ನಮ್ಮ ಭಾಗಕ್ಕೆ ಸಂಬಂಧಿಸಿದ ಪುಸ್ತಕಗಳು ಯಾವವು? ಮುಂಬಯಿ ಪ್ರಾಂತದ ಗ್ಯಾಝೆಟಿಯರ್ ಎಂಬ ದೊಡ್ಡ ಸಾಲು ಇದೆ. ಜೇಮ್ಸ್ ಕ್ಯಾಂಪ್‌ಬೆಲ್ ಅದರ ಸಂಪಾದಕ. ಅದರಲ್ಲಿ 21ನೇ ಸಂಪುಟ ಬೆಳಗಾವಿ ಜಿಲ್ಲೆಯದು, 22ನೆಯದು ಧಾರವಾಡದ್ದು, ಎರಡೂ 1884ರಲ್ಲಿ ಬಂದವು. ಎಚ್. ಜೆ. ಸ್ಟೋಕ್ಸ್ 1870ರಲ್ಲಿ ಬೆಳಗಾವಿ ಜಿಲ್ಲೆಯ ಚರಿತ್ರೆ ಬರೆದ. ಜೆ. ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಸವದತ್ತಿಯ ರಟ್ಟರ ಶಾಸನಗಳನ್ನು ಓದಿ ಅಚ್ಚು ಹಾಕಿಸಿದ. 1882ರಲ್ಲಿ ಕನ್ನಡ ಜಿಲ್ಲೆಗಳನ್ನು ಆಳಿದ ರಾಜಮನೆತನಗಳ ಚರಿತ್ರೆ ಬರೆದ. 1885ರಿಂದ ಮುಂದೆ ಇಂಡಿಯನ್ ಆಂಟಿಕ್ವರಿ ಎಂಬ ಪತ್ರಿಕೆಯಲ್ಲಿ ನಮ್ಮ ಕಡೆಯ ಲಾವಣಿಗಳನ್ನು ಕನ್ನಡ ಪಾಠ, ಇಂಗ್ಲಿಷ್ ಅನುವಾದ ಸಮೇತ ಪ್ರಕಟಿಸಿದ. 1882ರ ಹಂಟರ್ ಶಿಕ್ಷಣ ಆಯೋಗದ ಕಾಗದಪತ್ರಗಳಿವೆ. ಅದೇ ಆಯೋಗಕ್ಕೆ ಜ್ಯೋತಿಬಾ ಫುಲೆ ಕೊಟ್ಟ ಹೇಳಿಕೆ ಇದೆ. ರೈತನ ಬೆವರಿನ ಕಂದಾಯದಿಂದ ಮೇಲ್ಜಾತಿಯ ಮಕ್ಕಳಿಗೆ ಕಾಲೇಜು ಕಟ್ಟುತ್ತೀರಿ, ರೈತನ ಮಕ್ಕಳಿಗೆ ಸಾಲಿ ಎಲ್ಲಿ ಎಂಬುದು ಅದರ ತಿರುಳು. ಆಗ ನಾವು ಮುಂಬಯಿ ಪ್ರಾಂತದವರು. ಆ ಮಾತು ನಮ್ಮ ಪರವಾಗಿಯೂ ಆಡಿದ ಮಾತು.

ಹುಡುಕುವಾಗ ಒಂದು ತೊಡಕಿದೆ. ಗ್ಯಾಝೆಟಿಯರಿನಲ್ಲಿ ಬೈಲಹೊಂಗಲ ತಾಲೂಕು ಎಂದು ಹುಡುಕಿದರೆ ಸಿಗೂದಿಲ್ಲ. ಆಗಿನ ತಾಲೂಕಿನ ಹೆಸರು ಸಂಪಗಾವಿ. ಕಿತ್ತೂರೂ ಅದರೊಳಗೇ. ಸವದತ್ತಿಯನ್ನು ಪರಸಗಡ ತಾಲೂಕಿನಲ್ಲಿ ನೋಡಬೇಕು. ರಾಮದುರ್ಗ ಭಾವೆ ಮನೆತನದ ಬೇರೆ ಸಂಸ್ಥಾನವಾಗಿದ್ದುದರಿಂದ ಜಿಲ್ಲೆಯ ತಾಲೂಕುಗಳ ಸಾಲಿನಲ್ಲೇ ಇಲ್ಲ. ಇದೇ ಒಂದು ದಿನದ ಪಾಠ ಆಗುತ್ತದೆ. ನಕಾಶೆಯ ಗೆರೆಗಳನ್ನು ದೇವರು ಎಳೆದದ್ದಲ್ಲ, ಆಳುವವರು ಎಳೆದರು, ಅಳಿಸಿದರು, ಮತ್ತೆ ಎಳೆದರು ಎಂಬುದು ಹುಡುಗರಿಗೆ ತಮ್ಮ ಊರಿನ ಹೆಸರಿನಿಂದಲೇ ತಿಳಿಯುತ್ತದೆ.

ಈಗ ಮುಖ್ಯ ಮಾತಿಗೆ ಬರೋಣ. ಈ ಪುಸ್ತಕಗಳು ಪುಕ್ಕಟೆ ಇವೆ, ಆದರೆ ಮುಗ್ಧ ಅಲ್ಲ. ಗ್ಯಾಝೆಟಿಯರ್ ಬರೆದದ್ದು ನಮಗೆ ಚರಿತ್ರೆ ಕಲಿಸಲಿಕ್ಕಲ್ಲ. ಯಾವ ಊರಲ್ಲಿ ಎಷ್ಟು ಜನ, ಯಾವ ಮಣ್ಣಿಗೆ ಎಷ್ಟು ಕಂದಾಯ, ಯಾವ ಜಾತಿ ಹೇಳಿದ್ದು ಕೇಳುತ್ತದೆ, ಯಾವುದು ತಿರುಗಿ ಬೀಳುತ್ತದೆ ಎಂದು ಆಳುವವನು ತಿಳಿಯಲಿಕ್ಕೆ. ಸಾಹೇಬ ಕುರ್ಚಿಯಲ್ಲಿ ಕೂತು ಕೇಳಿದ. ಉತ್ತರ ಹೇಳಿದವರು ಕಚೇರಿಯ ಅಂಗಳ ಹತ್ತಲು ಅಪ್ಪಣೆ ಇದ್ದವರು, ಓದು ಬರಹ ಬಲ್ಲವರು, ಮೇಲ್ಜಾತಿಯ ನೌಕರರು. ಹೊಲಗೇರಿಯ ಬಗ್ಗೆ ಹೊಲಗೇರಿಯನ್ನು ಕೇಳಬೇಕು ಎಂದು ಆ ವ್ಯವಸ್ಥೆಗೆ ಅನ್ನಿಸಲೇ ಇಲ್ಲ. ಜನರ ವಿವರ ಕೊಡುವ ಅಧ್ಯಾಯದಲ್ಲಿ ಮೊದಲು ಬ್ರಾಹ್ಮಣರು. ಆಮೇಲೆ ಬರೆಯುವವರು, ವ್ಯಾಪಾರಿಗಳು, ಒಕ್ಕಲಿಗರು, ಕಸುಬಿನವರು, ಕೂಲಿಯವರು. ಹಿಂದೂ ಜಾತಿಗಳ ಸಾಲಿನ ಕೊನೆಕೊನೆಗೆ, ಭಿಕ್ಷುಕರ ನೆರೆಯಲ್ಲಿ, ನಾವು. ಮನುವಿನ ಪಂಕ್ತಿಯನ್ನು ಇಂಗ್ಲಿಷಿನವನು ಅಚ್ಚಿನ ಮೊಳೆಯಲ್ಲಿ ಜೋಡಿಸಿದ, ಅಷ್ಟೇ.

ಪ್ರತಿ ಜಾತಿಯನ್ನೂ ಒಂದೇ ಅಚ್ಚಿನಲ್ಲಿ ಒತ್ತಿದ್ದಾರೆ: ಮೈಬಣ್ಣ ಎಂಥದು, ಮೈಕಟ್ಟು ಎಂಥದು, ಮನೆ, ಪಾತ್ರೆ ಪಗಡ, ಊಟ, ಉಡಿಗೆ, ನಡತೆ, ಮದುವೆ, ಸಾವು. ಕೊನೆಗೆ ಒಂದು ಸಾಲು: ಮಕ್ಕಳನ್ನು ಸಾಲಿಗೆ ಕಳಿಸುತ್ತಾರೋ ಇಲ್ಲವೋ, ಈ ಜಾತಿ ಏಳುತ್ತಿದೆಯೋ ಬೀಳುತ್ತಿದೆಯೋ. ದುಡಿಯುವ ಅನೇಕ ಜಾತಿಗಳ ವಿವರ, ಇವರು ಮಕ್ಕಳನ್ನು ಸಾಲಿಗೆ ಕಳಿಸುವುದಿಲ್ಲ ಎಂಬ ಅರ್ಥದ ಮಾತಿನಿಂದ ಮುಗಿಯುತ್ತದೆ. ತಪ್ಪು ಅವರದೇ ಎಂಬಂತೆ. ಅವರಿಗೇ ಬೇಡವಾಗಿತ್ತು ಎಂಬಂತೆ. ಈ ಮಾತು ಇವತ್ತಿಗೂ ಸತ್ತಿಲ್ಲ. ಊರ ಕಟ್ಟೆಯ ಮೇಲೆ ಕೂತು, "ಅವರಿಗೆ ಎಷ್ಟು ಸವಲತ್ತು ಕೊಟ್ಟರೂ ಓದೂದಿಲ್ರಿ" ಅನ್ನುವವರ ಬಾಯಲ್ಲಿ 1884ರ ಅದೇ ಸಾಲು ಇದೆ.

ಇಂಥ ಸಾಲನ್ನು ಕಟಕಟೆಗೆ ಕರೆಯಬೇಕು. ಒಬ್ಬ ಸಾಕ್ಷಿಯ ಮಾತನ್ನು ಇನ್ನೊಬ್ಬ ಸಾಕ್ಷಿಯಿಂದ ತಿಕ್ಕಿ ನೋಡುವುದು ಕೋರ್ಟಿನ ಪದ್ಧತಿ. ಚರಿತ್ರೆಯದೂ ಅದೇ. ಎರಡನೇ ಸಾಕ್ಷಿ ಇನ್ನೊಂದು ಹಳೇ ಪುಸ್ತಕದಲ್ಲೇ ಇದೆ, ಅದೂ ಪುಕ್ಕಟೆಯೇ ಸಿಗುತ್ತದೆ. 1928ರಲ್ಲಿ ಸೈಮನ್ ಆಯೋಗದ ಮುಂದೆ ಬಾಬಾಸಾಹೇಬರು ಮುಂಬಯಿ ಪ್ರಾಂತದ ದಲಿತರ ಶಿಕ್ಷಣದ ಬಗ್ಗೆ ಒಂದು ಹೇಳಿಕೆ ಇಟ್ಟರು. ಅದರಲ್ಲಿ ಹಳೇ ಸರ್ಕಾರಿ ದಾಖಲೆಗಳನ್ನು ಒಂದೊಂದಾಗಿ ತೆಗೆದು ತೋರಿಸುತ್ತಾರೆ. ಅವುಗಳಲ್ಲಿ ಒಂದು ನಮ್ಮ ನೆರೆಯ ಧಾರವಾಡದ್ದು.

1856ರ ಜೂನ್ ತಿಂಗಳು. ಧಾರವಾಡದ ಸರ್ಕಾರಿ ಸಾಲಿಗೆ ಸೇರಿಸಿಕೊಳ್ಳಬೇಕೆಂದು ಒಬ್ಬ ಮಹಾರ ಹುಡುಗನ ಪರವಾಗಿ ಮುಂಬಯಿ ಸರ್ಕಾರಕ್ಕೆ ಅರ್ಜಿ ಹೋಯಿತು. ಸಾಲಿಯ ಬಾಗಿಲು ಅವನಿಗೆ ತೆರೆದಿರಲಿಲ್ಲ. ಸರ್ಕಾರ ವಿಚಾರ ಮಾಡಿತು. ಅದರ ತೀರ್ಮಾನದ ಸಾರ ಇಷ್ಟು: ನ್ಯಾಯ ಹುಡುಗನ ಕಡೆಗೇ ಇದೆ, ಆದರೆ ತಲೆತಲಾಂತರದ ನಂಬಿಕೆ ಇದೆ, ಒಬ್ಬನ ಸಲುವಾಗಿ ಅವನನ್ನು ಒಳಗೆ ಬಿಟ್ಟರೆ ಉಳಿದವರಿಗೆ ಸಾಲಿ ನಿರುಪಯೋಗ ಆದೀತು. ಅಂದರೆ, ನ್ಯಾಯ ಇದೆ, ಜಾಗ ಇಲ್ಲ. ಎರಡು ವರ್ಷದ ಮೇಲೆ, 1858ರಲ್ಲಿ, ಲಂಡನ್ನಿನ ಕಂಪನಿ ನಿರ್ದೇಶಕರು ಸರ್ಕಾರದ ಪೂರ್ತಿ ಖರ್ಚಿನಲ್ಲಿ ನಡೆಯುವ ಸಾಲಿಗಳು ಎಲ್ಲ ಜಾತಿಗೂ ತೆರೆದಿರಬೇಕು ಎಂದು ಬರೆದರು. 1882ರ ಹಂಟರ್ ಆಯೋಗವೂ ತತ್ವ ಸರಿ ಎಂದಿತು, ಆದರೆ ನಿಧಾನ ನಡೆಯಿರಿ ಎಂದಿತು. ಕೆರೆಯ ಠರಾವಿನ ಕಥೆಯೇ ಇದು. ಕಾಗದ ತೆರೆಯುತ್ತದೆ, ಬಾಗಿಲು ತೆರೆಯುವುದಿಲ್ಲ.

ಈಗ ಎರಡು ಸಾಲನ್ನೂ ಪಕ್ಕಪಕ್ಕ ಇಡಿ. 1856ರಲ್ಲಿ ಹುಡುಗ ಬಂದು ಬಾಗಿಲು ತಟ್ಟಿದ್ದಾನೆ, ಸರ್ಕಾರವೇ ಹಿಂದಕ್ಕೆ ಕಳಿಸಿದೆ. 28 ವರ್ಷ ಬಿಟ್ಟು ಅದೇ ಸರ್ಕಾರದ ಪುಸ್ತಕ ದುಡಿಯುವ ಜಾತಿಗಳ ಮುಂದೆ ಬೆರಳು ತೋರಿಸಿ, ಇವರು ಮಕ್ಕಳನ್ನು ಸಾಲಿಗೆ ಕಳಿಸುವುದಿಲ್ಲ ಅನ್ನುತ್ತದೆ. ಎರಡೂ ಅವರದೇ ಕಾಗದ. ಯಾರೂ ನಮ್ಮ ಮಾತು ನಂಬಬೇಕಾಗಿಲ್ಲ. ಅವರ ಕಾಗದವೇ ಅವರ ಕಾಗದವನ್ನು ಸುಳ್ಳು ಮಾಡುತ್ತದೆ. ನೂರು ಭಾಷಣಕ್ಕಿಂತ ಈ ಎರಡು ಪುಟ ಹೆಚ್ಚು ಕೆಲಸ ಮಾಡುತ್ತವೆ.

ನಾವು ಕೆಲವು ಗೆಳೆಯರು ರಜೆಯ ದಿನಗಳಲ್ಲಿ ಕೇರಿಯ ದೊಡ್ಡ ಹುಡುಗ ಹುಡುಗಿಯರ ಜೊತೆ ಕೂತು ಇದನ್ನು ಓದಿದಾಗ ಒಬ್ಬ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: "ಅಣ್ಣಾ, ಆ ಹುಡುಗನ ಹೆಸರೇನ್ರಿ?" ಬಾಬಾಸಾಹೇಬರು ಎತ್ತಿ ತೋರಿಸಿದ ಆ ಕಾಗದದಲ್ಲಿ ಅವನು ಬರೀ ಒಬ್ಬ ಮಹಾರ ಹುಡುಗ. ಗವರ್ನರನ ಹೆಸರು ಚರಿತ್ರೆಗೆ ಗೊತ್ತು. ಒಂದು ಸರ್ಕಾರವನ್ನು ತಬ್ಬಿಬ್ಬು ಮಾಡಿದ, ಲಂಡನ್ನಿನವರೆಗೆ ಕಾಗದ ಓಡಾಡಿಸಿದ ಹುಡುಗನ ಹೆಸರು ಆ ಪುಟದಲ್ಲಿಲ್ಲ. ಆ ಪ್ರಶ್ನೆ ಕೇಳಿದ ಹುಡುಗಿಗೆ ಚರಿತ್ರೆ ಎಂದರೇನು ಎಂದು ಮತ್ತೆ ಹೇಳಿಕೊಡುವ ಅಗತ್ಯವಿಲ್ಲ.

ಆ ಬಾಗಿಲಿನ ಮುಂದಿನ ಕಥೆಯನ್ನೂ ಹೇಳಬೇಕು, ಇಲ್ಲದಿದ್ದರೆ ಪಾಠ ಬರೀ ಗೋಳಾಗುತ್ತದೆ. 1928ರಲ್ಲಿ ಬಾಬಾಸಾಹೇಬರು ದಲಿತ ವರ್ಗಗಳ ಶಿಕ್ಷಣ ಸಂಘ ಕಟ್ಟಿದರು. ಆ ಸಂಘ ಪ್ರಾಂತದ ಬೇರೆ ಬೇರೆ ಊರುಗಳಲ್ಲಿ ನಡೆಸಿದ ಹಾಸ್ಟೆಲುಗಳಲ್ಲಿ ಒಂದು ಧಾರವಾಡದಲ್ಲಿತ್ತು. ಹುಡುಗ ಹಿಂತಿರುಗಿದ ಅದೇ ಊರು. ನಡುವೆ ಎಪ್ಪತ್ತು ವರ್ಷ ದಾಟಿತ್ತು. ಆ ಎಪ್ಪತ್ತು ವರ್ಷದಲ್ಲಿ ಅಕ್ಷರವಿಲ್ಲದೇ ಸತ್ತ ನಮ್ಮ ಅಜ್ಜ ಮುತ್ತಜ್ಜರ ಲೆಕ್ಕ ಯಾವ ಗ್ಯಾಝೆಟಿಯರಿನಲ್ಲಿದೆ?

ಇಲ್ಲಿ ಮಾಸ್ತರುಗಳಿಗೆ, ಅಕ್ಕೋರಿಗೆ ಒಂದು ಕಠಿಣ ಮಾತು ಹೇಳಲೇಬೇಕು. ಗ್ಯಾಝೆಟಿಯರಿನಲ್ಲಿ ಮಾದಿಗ, ಹೊಲೆಯ ಎಂಬ ತಲೆಬರಹದ ಪುಟಗಳಿವೆ. ಅವನ್ನು ವರ್ಗದಲ್ಲಿ ಗಟ್ಟಿಯಾಗಿ ಓದಿದರೆ ಏನಾಗುತ್ತದೆ? ಹಿಂದಿನ ಬೆಂಚಿನ ಮೂರು ನಾಲ್ಕು ತಲೆ ಕೆಳಗೆ ಬೀಳುತ್ತವೆ. ಮುಂದಿನ ಬೆಂಚಿನಲ್ಲಿ ಕಿಸಕ್ಕನೆ ನಗೆ ಏಳುತ್ತದೆ. ಚರಿತ್ರೆ ಕಲಿಸುತ್ತೇನೆಂದು ಹೋದ ಮಾಸ್ತರು 140 ವರ್ಷದ ಹಿಂದಿನ ಚೂರಿಯನ್ನು ಮತ್ತೆ ಹರಿತ ಮಾಡಿ ಕೊಟ್ಟಂತಾಗುತ್ತದೆ. ಹಾಗಂತ ಆ ಪುಟ ಹರಿದು ಒಗೆಯೋಣವೇ? ಹರಿದರೆ ಅವಮಾನ ಮಾಡಿದವನ ಗುರುತೂ ಹೋಗುತ್ತದೆ. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮನುಸ್ಮೃತಿಯನ್ನು ಸುಡಿಸಿದರು. ಆದರೆ ಸುಡುವ ಮೊದಲೂ ಓದಿದ್ದರು, ಸುಟ್ಟ ಮೇಲೂ ಓದಿದರು. ಶೂದ್ರರ ಮೇಲಿನ ಅವರ ಪುಸ್ತಕ ತೆರೆದು ನೋಡಿ. ಶತ್ರುವಿನ ಗ್ರಂಥದ ಒಂದೊಂದು ಸಾಲನ್ನೂ ಹಿಡಿದು ಅದರ ಬಾಯಿಂದಲೇ ಸಾಕ್ಷಿ ಹೇಳಿಸಿದ್ದಾರೆ.

ಆದುದರಿಂದ ಓದಬೇಕು, ಆದರೆ ಓದುವ ಕ್ರಮ ಬೇರೆ ಇರಬೇಕು. ನಮ್ಮ ಪುಟದಿಂದ ಶುರು ಮಾಡಬಾರದು. ಮೊದಲು ಪರಿವಿಡಿ ಓದಿಸಿ: ಯಾರು ಮೇಲೆ, ಯಾರು ಕೆಳಗೆ, ಈ ಸಾಲು ಹಚ್ಚಿದವರು ಯಾರು. ಆಮೇಲೆ ಮೇಲಿನ ಜಾತಿಗಳ ಪುಟ ಓದಿಸಿ. ಸಾಹೇಬ ಅವರನ್ನೂ ಹೊರಗಿನಿಂದ ನಿಂತು ತೂಗಿದ್ದಾನೆ ಎಂಬುದು ಕಾಣುತ್ತದೆ, ನಗುವವರ ನಗೆ ಅಲ್ಲೇ ನಿಲ್ಲುತ್ತದೆ. ನಮ್ಮ ಪುಟ ಬಂದಾಗ ಪ್ರಶ್ನೆ ನಮ್ಮ ಮೇಲೆ ಅಲ್ಲ, ಬರೆದವನ ಮೇಲೆ ಇರಲಿ. ಇವನು ಈ ಮನೆಯೊಳಗೆ ಹೋಗಿದ್ದನೇ? ಕೊಳಕು ಎಂದು ಬರೆದಿದ್ದಾನಲ್ಲ, ಇವರಿಗೆ ಬಾವಿಯ ನೀರು ಮುಟ್ಟಲು ಬಿಟ್ಟಿದ್ದರೇ? ಸತ್ತ ದನ ಹೊರುವ ಚಾಕರಿಯನ್ನು ಇವರ ತಲೆಗೆ ಕಟ್ಟಿದವರು ಯಾರು? "ನಿಮ್ಮ ಮನ್ಯಾಗ ಹಿಂಗ ಐತೇನೋ?" ಎಂದು ಯಾವ ಹುಡುಗನನ್ನೂ, ಯಾವ ಕಾರಣಕ್ಕೂ ಎಬ್ಬಿಸಿ ಕೇಳಬಾರದು. ಅದು ಪಾಠ ಅಲ್ಲ, ಪಂಚಾಯ್ತಿ.

ಕೊನೆಗೆ ಹುಡುಗರ ಕೈಗೆ ಲೇಖನಿ ಕೊಡಿ. ಅದೇ ಅಚ್ಚಿನಲ್ಲಿ ಗ್ಯಾಝೆಟಿಯರ್ ಬರೆದವರ ಜಾತಿಯ ಬಗ್ಗೆ ಒಂದು ಪುಟ ಬರೆಯಲಿ. ನಮ್ಮ ಹುಡುಗರು ಬರೆದದ್ದು ಹೀಗಿತ್ತು: ಇವರು ಕೆಂಪು ಬಣ್ಣದವರು. ಬಿಸಿಲು ತಡೆಯುವುದಿಲ್ಲ. ದೊಡ್ಡ ಮನೆಯಲ್ಲಿ ಇರುತ್ತಾರೆ, ಗುಡಿಸುವವರು ಬೇರೆ. ಪಾತ್ರೆ ಬಹಳ, ತೊಳೆಯುವವರು ಬೇರೆ. ದನ ತಿನ್ನುತ್ತಾರೆ, ಆದರೂ ಊರವರು ಇವರಿಗೆ ಕೈ ಮುಗಿಯುತ್ತಾರೆ. ಕುಡಿಯುತ್ತಾರೆ, ಆದರೂ ಇವರನ್ನು ಕುಡುಕರು ಎಂದು ಯಾರೂ ಬರೆದಿಲ್ಲ. ಮಂದಿಯ ಹೊಲ ಅಳೆಯುವುದು ಇವರ ಕುಲಕಸುಬು. ಓದಿ ಎಲ್ಲರೂ ನಕ್ಕರು. ಹಿಂದಿನ ಸಾಲಿನವರೂ ತಲೆ ಎತ್ತಿ ನಕ್ಕರು.

ಇದೇ ಪದ್ಧತಿಯನ್ನು ಕಿತ್ತೂರಿಗೆ ಹಚ್ಚಿ ನೋಡೋಣ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿ 2ರಂದು ತೀರಿಕೊಂಡಳು. ಸಂಗೊಳ್ಳಿ ರಾಯಣ್ಣ ಮತ್ತೆ ಎದ್ದ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಇಷ್ಟು ಗೈಡಿನಲ್ಲೂ ಇದೆ. ಆದರೆ ರಾಯಣ್ಣನ ಬಗ್ಗೆ ಎರಡು ಸಾಕ್ಷಿಗಳಿವೆ. ಒಂದು ಸರ್ಕಾರದ ಪುಸ್ತಕ. ಇನ್ನೊಂದು ಫ್ಲೀಟ್ ಅಚ್ಚು ಹಾಕಿಸಿದ ಲಾವಣಿ. ಎರಡನ್ನೂ ಇಟ್ಟು ಹುಡುಗರಿಂದ ಎರಡು ಪಟ್ಟಿ ಮಾಡಿಸಿ. ರಾಯಣ್ಣನಿಗೆ ಸರ್ಕಾರ ಯಾವ ಶಬ್ದ ಬಳಸಿದೆ, ಲಾವಣಿ ಯಾವ ಶಬ್ದ ಬಳಸಿದೆ? ಒಂದು ದಂಗೆ ಎಂದದ್ದು ಇನ್ನೊಂದರಲ್ಲಿ ಏನಾಗಿದೆ? ಆಳುವವರ ಬಾಯಲ್ಲಿ ಬೈಗುಳವಾಗಿದ್ದ ಬಂಡಾಯ ಎಂಬ ಶಬ್ದವನ್ನೇ 1979ರಲ್ಲಿ ಕನ್ನಡದ ಲೇಖಕರು ತಮ್ಮ ಸಂಘಟನೆಗೆ ಹೆಸರಾಗಿ ಇಟ್ಟುಕೊಂಡರು ಎಂಬುದನ್ನೂ ಹೇಳಿ.

ರಾಯಣ್ಣ ಶೇತಸನದಿ. ಅಂದರೆ ಊರು ಕಾಯುವ ಚಾಕರಿಗೆ ಪ್ರತಿಯಾಗಿ ಹೊಲ ಉಣ್ಣುತ್ತಿದ್ದವನು. ಕಂಪನಿ ಸರ್ಕಾರ ಇಂಥ ಸನದಿ ಹೊಲಗಳಿಗೆ ಕೈ ಹಾಕಿತು, ಕಂದಾಯ ಹೇರಿತು. ಅವನ ಜೊತೆ ನಿಂತವರು ಅವನಂಥವರೇ, ಹೊಲ ಕಳಕೊಂಡವರು, ಚಾಕರಿ ಕಳಕೊಂಡವರು. ಸಿದ್ದಿ ಗಜವೀರನ ಹೆಸರು ಜನರ ಬಾಯಲ್ಲಿ ಉಳಿದಿದೆ. ಬೀಡಿಯ ಕಚೇರಿಗೆ ಅವರು ಬೆಂಕಿ ಹಚ್ಚಿದರು. ಯಾಕೆ ಕಚೇರಿಗೇ ಹಚ್ಚಿದರು ಎಂದು ದೊಡ್ಡ ಹುಡುಗರನ್ನು ಕೇಳಬೇಕು. ಯಾಕಂದರೆ ಹೊಲ ಯಾರದು ಎಂಬುದು ಹೊಲದಲ್ಲಿ ಬರೆದಿರಲಿಲ್ಲ, ಕಚೇರಿಯ ದಫ್ತರಿನಲ್ಲಿ ಬರೆದಿತ್ತು. ಕೊನೆಗೆ ರಾಯಣ್ಣನನ್ನು ಮೋಸದಿಂದ ಹಿಡಿದುಕೊಟ್ಟವರು ಊರ ದೊಡ್ಡವರು. ಅಂದಮೇಲೆ ಇದು ಬರೀ ಕೆಂಪು ಮಂದಿ, ಕಪ್ಪು ಮಂದಿಯ ಜಗಳವೇ? ಉತ್ತರ ಮಾಸ್ತರು ಹೇಳಬಾರದು. ಎರಡು ಪಟ್ಟಿ ಹೇಳಲಿ.

ಲಾವಣಿ ನಮ್ಮದು ಎಂದು ಅದನ್ನು ಕಟಕಟೆ ಹತ್ತಿಸದೇ ಬಿಡಬಾರದು. ಅದನ್ನು ಯಾರು ಹಾಡಿದರು, ಯಾರ ಅಂಗಳದಲ್ಲಿ ಹಾಡಿದರು, ಜೋಳ ಹಾಕಿದವರು ಯಾರು? ಅದರಲ್ಲಿ ಹೆಣ್ಣುಮಕ್ಕಳು ಎಲ್ಲಿದ್ದಾರೆ? ನಮ್ಮ ಕೇರಿ ಎಲ್ಲಿದೆ? ಇದನ್ನು ಕೇಳಿದರೆ ರಾಯಣ್ಣ ಸಣ್ಣವನಾಗುವುದಿಲ್ಲ. ಮೂರ್ತಿಗಳ ಸುತ್ತ ಇವತ್ತು ಜಾತಿಗೊಂದು ಬಾವುಟ ಕಟ್ಟುವವರು ಸಣ್ಣವರಾಗುತ್ತಾರೆ.

ರಾಮದುರ್ಗದ ಹುಡುಗರಿಗೆ ಸುರೇಬಾನ ಇದೆ. 1858ರ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬನ ಮಂದಿ ಮ್ಯಾನ್ಸನ್ ಎಂಬ ಇಂಗ್ಲಿಷ್ ಅಧಿಕಾರಿಯನ್ನು ಕೊಂದದ್ದು ಅಲ್ಲಿ. ನರಗುಂದದ ದೊರೆಯೂ ಭಾವೆ, ರಾಮದುರ್ಗದ ದೊರೆಯೂ ಭಾವೆ. ಒಬ್ಬ ಇಂಗ್ಲಿಷರ ವಿರುದ್ಧ ಎದ್ದು ಜೂನಿನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿದ, ಇನ್ನೊಬ್ಬ ಇಂಗ್ಲಿಷರ ಜೊತೆ ಉಳಿದು ಸಂಸ್ಥಾನ ಉಳಿಸಿಕೊಂಡ. ಇಬ್ಬರ ಹೊಲದಲ್ಲೂ ದುಡಿದ ಕೂಲಿಯವನಿಗೆ ಇಬ್ಬರಲ್ಲಿ ಏನು ಭೇದ ಕಂಡಿತು? ಪುಸ್ತಕ ಹೇಳುವುದಿಲ್ಲ. ಊರ ಹಿರೇರ ಬಾಯಲ್ಲಿ ಏನಾದರೂ ಉಳಿದಿದೆಯೋ ಎಂದು ಹುಡುಗರು ಹೋಗಿ ಕೇಳಬೇಕು.

ಸವದತ್ತಿಯ ಪಾಠ ಇನ್ನೂ ಬಿಸಿಯಾದದ್ದು. ಫ್ಲೀಟ್ ಓದಿದ ರಟ್ಟರ ಶಾಸನಗಳಲ್ಲಿ ರಾಜನ ಬಿರುದಿದೆ, ಗುರುವಿನ ಹೆಸರಿದೆ, ದಾನ ಕೊಟ್ಟ ಹೊಲದ ಅಳತೆ, ಎಲ್ಲೆ ಇದೆ. ಆ ಹೊಲ ಉತ್ತವನ ಹೆಸರು ಹುಡುಕಿ ಎಂದು ಹುಡುಗರಿಗೆ ಹೇಳಿ ನೋಡಿ. ಅಲ್ಲಿಂದ ಎಲ್ಲಮ್ಮನ ಗುಡ್ಡಕ್ಕೆ ಬನ್ನಿ. ದೇವರ ಹೆಸರಿನಲ್ಲಿ ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಬಿಟ್ಟ ಚರಿತ್ರೆಗೆ ಬೇರೆ ಪುಸ್ತಕ ಬೇಕಿಲ್ಲ, ಎರಡು ಕಾಯ್ದೆ ಸಾಕು. 1934ರಲ್ಲಿ ಮುಂಬಯಿ ಪ್ರಾಂತದಲ್ಲಿ ದೇವದಾಸಿ ರಕ್ಷಣಾ ಕಾಯ್ದೆ ಬಂತು. ಸವದತ್ತಿ ಆಗ ಆ ಪ್ರಾಂತದಲ್ಲೇ ಇತ್ತು. 1982ರಲ್ಲಿ ಕರ್ನಾಟಕ ಮತ್ತೆ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ಮಾಡಿತು. ಎರಡನ್ನೂ ಎದುರಿಗಿಟ್ಟು ಒಂದೇ ಪ್ರಶ್ನೆ: ಮೊದಲನೆಯದು ಕೆಲಸ ಮಾಡಿದ್ದರೆ 48 ವರ್ಷದ ಮೇಲೆ ಎರಡನೆಯದು ಯಾಕೆ ಬೇಕಾಯಿತು? ಈ ನಡುವೆ ಯಾರ ಹೊಟ್ಟೆ ತುಂಬಿತು, ಯಾರ ಮಗಳು ಬಲಿಯಾದಳು? ಇಲ್ಲೂ ಮೊದಲು ಹೇಳಿದ ನೇಮ ಕಟ್ಟುನಿಟ್ಟು: ವರ್ಗದಲ್ಲಿ ಕೂತ ಯಾವ ಮಗುವಿನ ತಾಯಿಯ ಕಡೆಗೂ ಬೆರಳು ಹೋಗಬಾರದು. ಪ್ರಶ್ನೆ ಕಟ್ಟಿಸಿದವರ ಮೇಲೆ, ಕಣ್ಣು ಮುಚ್ಚಿಕೊಂಡ ಕಚೇರಿಯ ಮೇಲೆ.

ತಕರಾರುಗಳು ಬರುತ್ತವೆ. ಇಂಗ್ಲಿಷ್ ಪುಸ್ತಕ ನಮ್ಮ ಹುಡುಗರಿಗೆ ತಿಳಿಯುತ್ತದೆಯೇ ಅನ್ನುತ್ತಾರೆ. ಒಮ್ಮೆಲೇ ಪುಸ್ತಕ ಕೊಡಬೇಡಿ, ವಾರಕ್ಕೆ ಹತ್ತು ಸಾಲು ಕೊಡಿ. ಮಾಸ್ತರು ಅದನ್ನು ಆಡುಮಾತಿಗೆ ತಂದು ಹೇಳಲಿ, ಹುಡುಗರು ಶಬ್ದಕೋಶ ಹಿಡಿದು ಮಾಸ್ತರರನ್ನೇ ತಿದ್ದಲಿ. ಗುಲಾಮಗಿರಿಯ ಹೊತ್ತಿನ ಸಾಹೇಬನ ಪುಸ್ತಕ ನಮಗ್ಯಾಕೆ ಅನ್ನುವವರಿಗೆ ನಮ್ಮ ಉತ್ತರ ಇದು: 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದು ಹೇಳಿ ಮಂತ್ರಿಗಿರಿ ಕಳೆದುಕೊಂಡರು. ಬೂಸಾ ಎಂದು ಹೇಳಬೇಕಾದರೆ ಮೊದಲು ಮೊರದಲ್ಲಿ ಹಾಕಿ ಕೇರಿ ನೋಡಿರಬೇಕು. ನಮ್ಮ ತಾಯಂದಿರು ಗೌಡರ ಕಣದಲ್ಲಿ ರಾಶಿ ತೂರಿದವರು. ಕಾಳು ಯಾವುದು, ಹೊಟ್ಟು ಯಾವುದು ಎಂಬುದು ಅವರ ಕೈಗೆ ಗೊತ್ತಿತ್ತು. ಆ ಕೈಯ ಮಕ್ಕಳು ನಾವು. ಸಾಹೇಬನ ಪುಸ್ತಕವನ್ನೂ ಪಂಡಿತರ ಪುಸ್ತಕವನ್ನೂ ಅದೇ ಮೊರದಲ್ಲಿ ಕೇರಬೇಕು. ಸಿಲೆಬಸ್ ಮುಗಿಸಲು ವೇಳೆ ಸಾಲುವುದಿಲ್ಲ ಅನ್ನುವ ಮಾಸ್ತರುಗಳಿಗೆ ಇಷ್ಟೇ: ವರ್ಷಕ್ಕೆ ನಾಲ್ಕೇ ಪಾಠ ಹೀಗೆ ಮಾಡಿ. ಆ ನಾಲ್ಕು ಪಾಠ ಕಲಿತವರು ಉಳಿದ ಪಾಠವನ್ನು ಸುಮ್ಮನೆ ನುಂಗುವುದಿಲ್ಲ.

ಗೆಳೆಯರೇ, ಇದನ್ನು ಶುರು ಮಾಡಲು ಠರಾವು ಬೇಡ, ಅನುದಾನ ಬೇಡ. ಬೆಳಗಾವಿ ಸಂಪುಟದಿಂದ ನಿಮ್ಮ ತಾಲೂಕಿನ ನಾಲ್ಕು ಪುಟ, ಫ್ಲೀಟ್ ಅಚ್ಚು ಹಾಕಿಸಿದ ರಾಯಣ್ಣನ ಲಾವಣಿ, ಬಾಬಾಸಾಹೇಬರ ಹೇಳಿಕೆಯಲ್ಲಿನ ಧಾರವಾಡದ ಭಾಗ, ಫುಲೆಯವರ ಹೇಳಿಕೆಯ ಎರಡು ಪುಟ, ಇಷ್ಟನ್ನು ಝೆರಾಕ್ಸ್ ಮಾಡಿಸಿ ಹೊಲಿಯಿರಿ. ಹಿಂದೆ ಇಪ್ಪತ್ತು ಖಾಲಿ ಹಾಳೆ ಸೇರಿಸಿ. ಆ ಖಾಲಿ ಹಾಳೆಯಲ್ಲಿ ಹುಡುಗ ಹುಡುಗಿಯರು ತಮ್ಮ ಕೇರಿಯ ಅಜ್ಜ ಅಜ್ಜಿಯರನ್ನು ಕೇಳಿ ಬರೆಯಲಿ: ಯಾರ ಹೊಲದಲ್ಲಿ ದುಡಿದರು, ಕೂಲಿ ಎಷ್ಟು, ಯಾವ ಬಾವಿಯಿಂದ ನೀರು ತಂದರು, ಸಾಲಿಯ ಬಾಗಿಲಿನಿಂದ ಮೊದಲು ಒಳಗೆ ಹೋದವರು ಯಾರು. ಒಪ್ಪಿದವರ ಹೆಸರು, ಊರು, ವರ್ಷ ಸಮೇತ ಬರೆಯಲಿ. ಧಾರವಾಡದ ಹುಡುಗನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು. ಬರೆದದ್ದನ್ನು ಯಾರಾದರೂ ಓದುವಂತೆ, ನಕಲು ತೆಗೆಯುವಂತೆ ಪುಕ್ಕಟೆ ಬಿಡಲಿ. ಮುಂದೆ ಬರುವ ಹುಡುಗರು ಅದನ್ನೂ ಕಟಕಟೆಗೆ ಕರೆದು, ನೀವು ಯಾರನ್ನು ಕೇಳಿದಿರಿ, ಯಾರನ್ನು ಬಿಟ್ಟಿರಿ ಎಂದು ನಮ್ಮನ್ನೂ ಕೇಳಲಿ.